ಸೆಮಿಸ್ಟರ್ ಮುಗಿಯುವ ಮೊದಲೇ ಪಾಠ ತಿದ್ದಿಕೊಳ್ಳಲು: ಕಾಲೇಜು ಅಧ್ಯಾಪಕರಿಗೆ ಹಂತ ಹಂತದ ಮಾರ್ಗದರ್ಶಿ

ವಿದ್ಯಾರ್ಥಿಗಳಿಂದ ಹಿಮ್ಮಾಹಿತಿ ಪಡೆಯುವ ಕೆಲಸ ಅನೇಕ ಕಾಲೇಜುಗಳಲ್ಲಿ ಹೀಗೆ ನಡೆಯುತ್ತದೆ: ಸೆಮಿಸ್ಟರಿನ ಕೊನೆಯ ವಾರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಬಂದು ಬೀಳುತ್ತದೆ. ಅದರಲ್ಲಿ ಇಪ್ಪತ್ತೈದು ಪ್ರಶ್ನೆಗಳು, ಎಲ್ಲಕ್ಕೂ ಒಂದರಿಂದ ಐದರವರೆಗಿನ ಅಂಕ. ಹುಡುಗರು ಬಸ್ಸಿನಲ್ಲಿ ನಿಂತುಕೊಂಡೇ ಎಲ್ಲಕ್ಕೂ ನಾಲ್ಕು ಒತ್ತಿ ಕಳುಹಿಸುತ್ತಾರೆ. ಬಂದ ಸರಾಸರಿಯನ್ನು ಮುದ್ರಿಸಿ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶ) ಕಡತಕ್ಕೆ ಸೇರಿಸಲಾಗುತ್ತದೆ. ಪಾಠ ಮಾತ್ರ ಹಿಂದಿನ ವರ್ಷ ಇದ್ದಲ್ಲೇ ಇರುತ್ತದೆ.

"ನಾವೂ ಮಾಡಿ ನೋಡಿದೆವು, ಏನೂ ಪ್ರಯೋಜನವಾಗಲಿಲ್ಲ" ಎನ್ನುವ ಸಹೋದ್ಯೋಗಿಗಳ ಜೊತೆ ಕುಳಿತು ನೋಡಿದಾಗ ನನಗೆ ಮತ್ತೆ ಮತ್ತೆ ಕಂಡದ್ದು ಒಂದೇ ಎಡವಟ್ಟು. ಆ್ಯಪ್ ಮೊದಲು ಬಂದಿರುತ್ತದೆ, ಪ್ರಶ್ನೆ ಆಮೇಲೆ, ತಿದ್ದಿಕೊಳ್ಳುವ ಯೋಚನೆ ಬಂದೇ ಇರುವುದಿಲ್ಲ. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಒಂದು ವಿಷಯ, ಒಂದು ತರಗತಿ, ಅರವತ್ತು ವಿದ್ಯಾರ್ಥಿಗಳು, ಹದಿನಾರು ವಾರಗಳು ಎಂದಿಟ್ಟುಕೊಳ್ಳೋಣ. ಉದಾಹರಣೆಗಳನ್ನು ಪದವಿ ಮೊದಲ ವರ್ಷದ ಅರ್ಥಶಾಸ್ತ್ರದಿಂದ ತೆಗೆದುಕೊಂಡಿದ್ದೇನೆ. ನಿಮ್ಮದು ರಸಾಯನಶಾಸ್ತ್ರವಾಗಲಿ, ಹಳಗನ್ನಡ ಕಾವ್ಯವಾಗಲಿ, ಹಂತಗಳು ಇವೇ.

## ಮೊದಲು ಕೈಯಲ್ಲಿರಬೇಕಾದವು

ಒಂದು ಗೂಗಲ್ ಖಾತೆ, ಒಂದು ಸ್ಪ್ರೆಡ್‌ಶೀಟ್, ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ಮಾಡಿದ ಇನ್ನೂರು ಚೀಟಿಗಳು, ಒಂದು ನೋಟ್‌ಬುಕ್. ಇಷ್ಟು ಸಾಕು. ಕಾಲೇಜಿನಲ್ಲಿ ಮೂಡಲ್ (ಆನ್‌ಲೈನಿನಲ್ಲಿ ಪಾಠ, ಕ್ವಿಜ್ ನಡೆಸುವ ತಂತ್ರಾಂಶ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆಯಿಲ್ಲ. ಹಣ ಕೊಟ್ಟು ಯಾವುದನ್ನೂ ಕೊಳ್ಳಬೇಡಿ. ಕನಿಷ್ಠ ಮೊದಲ ಸೆಮಿಸ್ಟರಿನಲ್ಲಂತೂ ಬೇಡ.

ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರಿಗೆ ಒಂದು ಎಚ್ಚರಿಕೆ. ನಿಮ್ಮ ಹಳೆಯ ಪ್ರಶ್ನೆಪತ್ರಿಕೆಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಅವನ್ನು ಫಾರ್ಮಿಗೆ ನೇರವಾಗಿ ಅಂಟಿಸಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡದ್ದು ವಿದ್ಯಾರ್ಥಿಯ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿರುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅವೇ.

## ಹಂತ 1: ತಿದ್ದಬಹುದಾದ ಒಂದೇ ಒಂದು ತೊಂದರೆಯನ್ನು ಆರಿಸಿ (ಮೊದಲ ಎರಡು ವಾರ)

"ನನ್ನ ಬೋಧನೆ ಹೇಗಿದೆ?" ಎಂಬುದು ಪ್ರಶ್ನೆಯಲ್ಲ, ಆತಂಕ. ಅದಕ್ಕೆ ಬರುವ ಉತ್ತರದಿಂದ ನಾಳೆಯ ತರಗತಿಯಲ್ಲಿ ಏನನ್ನು ಬದಲಿಸಬೇಕೆಂದು ತಿಳಿಯುವುದಿಲ್ಲ.

ಹಿಂದಿನ ವರ್ಷದ ಆಂತರಿಕ ಪರೀಕ್ಷೆಯ ಹತ್ತು ಉತ್ತರ ಪತ್ರಿಕೆಗಳನ್ನು ತೆಗೆದು ನೋಡಿ. ಎಲ್ಲರೂ ಜಾರಿ ಬೀಳುವ ಒಂದು ಜಾಗ ಇದ್ದೇ ಇರುತ್ತದೆ. ನನ್ನ ವಿಷಯದಲ್ಲಿ ಅದು ಬೇಡಿಕೆಯ ಸಂಕುಚನಕ್ಕೂ ಬೇಡಿಕೆಯ ಇಳಿಕೆಗೂ ಇರುವ ವ್ಯತ್ಯಾಸ. ಸರಕಿನ ಬೆಲೆ ಏರಿದ್ದರಿಂದ ಕೊಳ್ಳುವ ಪ್ರಮಾಣ ತಗ್ಗಿದರೆ ಅದು ಸಂಕುಚನ, ಅದೇ ರೇಖೆಯ ಮೇಲೆ ಬಿಂದು ಸರಿಯುತ್ತದೆ. ಆದಾಯವೋ ಅಭಿರುಚಿಯೋ ಬದಲಾಗಿ ಪ್ರಮಾಣ ತಗ್ಗಿದರೆ ಅದು ಇಳಿಕೆ, ರೇಖೆಯೇ ಎಡಕ್ಕೆ ಸರಿಯುತ್ತದೆ. ಆಡುಮಾತಿನಲ್ಲಿ ಎರಡಕ್ಕೂ "ಬೇಡಿಕೆ ಕಡಿಮೆಯಾಯಿತು" ಎಂದೇ ಹೇಳುತ್ತೇವಲ್ಲ, ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ವಾಕ್ಯ ಬರೆಯಿರಿ: "ಈ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಇದನ್ನು ಮಾಡಲು ಕಲಿಯಬೇಕು, ಕಲಿಯದಿದ್ದರೆ ನಾನು ಇದನ್ನು ಬದಲಿಸುತ್ತೇನೆ." ಎರಡನೆಯ ಅರ್ಧವನ್ನು ತುಂಬಲು ಆಗದಿದ್ದರೆ ನೀವು ಆರಿಸಿದ ತೊಂದರೆ ನಿಮ್ಮ ಕೈಯಲ್ಲಿ ಇಲ್ಲ ಎಂದರ್ಥ. ಪಠ್ಯಕ್ರಮದ ಭಾರ, ವೇಳಾಪಟ್ಟಿ, ಕೊಠಡಿಯ ಸೆಕೆ ಎಲ್ಲವೂ ನಿಜವಾದ ತೊಂದರೆಗಳೇ. ಆದರೆ ಅವುಗಳ ಬಗ್ಗೆ ಹಿಮ್ಮಾಹಿತಿ ಕೇಳಿ ಏನನ್ನೂ ಮಾಡಲಾಗದೆ ಹೋದರೆ ಮುಂದಿನ ಸಲ ಯಾರೂ ಉತ್ತರಿಸುವುದಿಲ್ಲ.

## ಹಂತ 2: ತರಗತಿಯಲ್ಲಿ ಯಾರ ಬಳಿ ಏನಿದೆ ಎಂದು ತಿಳಿಯಿರಿ

ಮೊದಲ ವಾರವೇ ಕಾಗದದ ಮೇಲೆ ಮೂರು ಪ್ರಶ್ನೆ ಕೇಳಿ: ನಿಮ್ಮದೇ ಆದ ಮೊಬೈಲ್ ಇದೆಯೇ, ಮನೆಯವರ ಜೊತೆ ಹಂಚಿಕೊಂಡದ್ದೇ? ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತದೆಯೇ? ಉತ್ತರವನ್ನು ಯಾವ ಭಾಷೆಯಲ್ಲಿ ಬರೆಯಲು ಸಲೀಸು?

ಈ ಹಂತವನ್ನು ಬಿಟ್ಟವರು ಆಮೇಲೆ ಪಡುವ ಪಾಡನ್ನು ಕಂಡಿದ್ದೇನೆ. ಒಮ್ಮೆ ನಾನೇ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ತೆರೆದಿರುವ ಕ್ವಿಜ್ ಇಟ್ಟಿದ್ದೆ. ಮಲೆನಾಡಿನ ಒಳಹಳ್ಳಿಯಿಂದ ಬರುವ ಹುಡುಗಿಯೊಬ್ಬಳಿಗೆ ಸೊನ್ನೆ ಬಂತು. ಸಿಗ್ನಲ್ ಸಿಗುವ ಗುಡ್ಡದ ಮೇಲೆ ಅವಳು ಆ ಹೊತ್ತಿನಲ್ಲಿ ಹೋಗುವಂತಿರಲಿಲ್ಲ. ನಾನು ಅಳೆದದ್ದು ಅವಳ ಅರ್ಥಶಾಸ್ತ್ರವನ್ನಲ್ಲ, ಅವಳ ಊರಿನ ಟವರನ್ನು.

ಆದ್ದರಿಂದ ಅಂಕಗಳಿಗೆ ಸಂಬಂಧಿಸಿದ ಯಾವುದನ್ನೂ ಮನೆಯ ಇಂಟರ್‌ನೆಟ್ಟಿಗೆ ಕಟ್ಟಬೇಡಿ. ಮನೆಗೆ ಕಳುಹಿಸುವ ಫಾರ್ಮಿಗೆ ಕನಿಷ್ಠ 48 ಗಂಟೆ ಕೊಡಿ. ಚಿತ್ರ, ವಿಡಿಯೊ ಇಲ್ಲದ ಬರಿಯ ಪಠ್ಯದ ಫಾರ್ಮ್ ದುರ್ಬಲ ನೆಟ್‌ವರ್ಕಿನಲ್ಲೂ ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಟೈಪಿಸಲು ಕಷ್ಟಪಡುವವರಿಗೆ ಮೊಬೈಲಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ ಎಂದು ತರಗತಿಯಲ್ಲೇ ಒಮ್ಮೆ ಮಾಡಿ ತೋರಿಸಿ. "ಚೆನ್ನಾಗಿದೆ ಸರ್" ಎಂಬ ಎರಡು ಪದದ ಉತ್ತರಗಳಿಗೆ ಸಂಕೋಚ ಎಷ್ಟು ಕಾರಣವೋ ಕೀಲಿಮಣೆಯೂ ಅಷ್ಟೇ ಕಾರಣ.

## ಹಂತ 3: ಮೂರು ನಿಮಿಷದ ಚೀಟಿ (ಮೂರನೆಯ ವಾರದಿಂದ)

ಇಲ್ಲಿ ಇನ್ನೂ ತಂತ್ರಜ್ಞಾನ ಬಂದಿಲ್ಲ. ಬರಬಾರದು ಕೂಡ.

ತರಗತಿ ಮುಗಿಯಲು ಐದು ನಿಮಿಷ ಇರುವಾಗ ಪಾಠ ನಿಲ್ಲಿಸಿ. ಚೀಟಿ ಹಂಚಿ. ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ: "ಇಂದಿನ ಪಾಠದಲ್ಲಿ ಮುಖ್ಯ ಎನಿಸಿದ್ದು ಯಾವುದು? ಇನ್ನೂ ಅರ್ಥವಾಗದೆ ಉಳಿದದ್ದು ಯಾವುದು?" ಹೆಸರು ಬೇಡ, ನೋಂದಣಿ ಸಂಖ್ಯೆಯೂ ಬೇಡ. ಮೂರು ನಿಮಿಷದಲ್ಲಿ ಬಾಗಿಲ ಬಳಿಯ ಡಬ್ಬಿಗೆ ಹಾಕಿ ಹೋಗಲಿ.

ಅರವತ್ತು ಚೀಟಿ ಓದಲು ಹದಿನೈದು ನಿಮಿಷ ಬೇಕು. ಓದುತ್ತಲೇ ಮೂರು ಗುಡ್ಡೆ ಮಾಡಿ: ಅರ್ಥವಾದವರದು, ಒಂದೇ ಬಗೆಯ ತಪ್ಪು ಮಾಡಿದವರದು, ಏನೂ ಬರೆಯದವರದು. ನಡುವಿನ ಗುಡ್ಡೆಯೇ ಚಿನ್ನ. ಅದರಲ್ಲಿರುವ ತಪ್ಪು ಉತ್ತರಗಳನ್ನು ವಿದ್ಯಾರ್ಥಿಗಳ ಮಾತಿನಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಮುಂದಿನ ಹಂತಕ್ಕೆ ಬೇಕಾಗುತ್ತವೆ.

ಮರುದಿನ ತರಗತಿ ಶುರುವಾಗುತ್ತಲೇ "ನಿನ್ನೆ ಹದಿನೆಂಟು ಜನ ಹೀಗೆ ಬರೆದಿದ್ದೀರಿ" ಎಂದು ಆ ತಪ್ಪನ್ನು ಎತ್ತಿಕೊಂಡು ನಾಲ್ಕು ನಿಮಿಷ ಮಾತಾಡಿ. ಇದನ್ನು ತಪ್ಪಿಸಿದರೆ ಎರಡನೆಯ ವಾರಕ್ಕೆ ಚೀಟಿಗಳು ಖಾಲಿಯಾಗಿ ಬರತೊಡಗುತ್ತವೆ.

ಮುನ್ಸೂಚನೆ: ಎಲ್ಲ ಚೀಟಿಗಳಲ್ಲೂ "ಎಲ್ಲ ಅರ್ಥವಾಯಿತು" ಎಂದಿದ್ದರೆ ಹಿಗ್ಗಬೇಡಿ. ಅರ್ಥವಾಗಲಿಲ್ಲ ಎಂದು ಬರೆದವರನ್ನು ಎಂದೋ ತರಗತಿಯಲ್ಲಿ ನಿಲ್ಲಿಸಿ ಕೇಳಿರುತ್ತೀರಿ. ಪ್ರಶ್ನೆಯನ್ನು ಬದಲಿಸಿ: "ಈ ಪಾಠದಿಂದ ಪರೀಕ್ಷೆಗೆ ಬಂದರೆ ಯಾವ ಪ್ರಶ್ನೆಯನ್ನು ಬಿಟ್ಟುಬಿಡುತ್ತೀರಿ?" ಇದಕ್ಕೆ ಎಲ್ಲರೂ ನಿಜ ಹೇಳುತ್ತಾರೆ.

## ಹಂತ 4: ತರಗತಿಯ ನಡುವೆ ಬಹು ಆಯ್ಕೆಯ ಪ್ರಶ್ನೆ (ನಾಲ್ಕನೆಯ ವಾರದಿಂದ, ಪಾಠಕ್ಕೆ ಒಂದು)

ಒಳ್ಳೆಯ ಬಹು ಆಯ್ಕೆಯ ಪ್ರಶ್ನೆಯ ಗುಟ್ಟು ಅದರ ತಪ್ಪು ಆಯ್ಕೆಗಳಲ್ಲಿದೆ. ನಾವು ಸಾಮಾನ್ಯವಾಗಿ ಸರಿಯುತ್ತರವೊಂದನ್ನು ಬರೆದು ಉಳಿದ ಮೂರನ್ನು ಬಾಯಿಗೆ ಬಂದಂತೆ ತುಂಬುತ್ತೇವೆ. ಹಾಗೆ ಮಾಡಬೇಡಿ, ಚೀಟಿಗಳಲ್ಲಿ ಬಂದ ತಪ್ಪುಗಳನ್ನೇ ಆಯ್ಕೆಗಳಾಗಿ ಇಡಿ.

"ಟೊಮ್ಯಾಟೊ ಬೆಲೆ ಕೆಜಿಗೆ 20 ರೂಪಾಯಿಯಿಂದ 80 ರೂಪಾಯಿಗೆ ಏರಿದಾಗ ಒಂದು ಕುಟುಂಬ ವಾರಕ್ಕೆ ಕೊಳ್ಳುವ ಟೊಮ್ಯಾಟೊ ಎರಡು ಕೆಜಿಯಿಂದ ಅರ್ಧ ಕೆಜಿಗೆ ಇಳಿಯಿತು. ಉಳಿದೆಲ್ಲವೂ ಮೊದಲಿನಂತೆಯೇ ಇದೆ. ಇದು: (ಅ) ಬೇಡಿಕೆಯ ಇಳಿಕೆ, ರೇಖೆ ಎಡಕ್ಕೆ ಸರಿಯಿತು. (ಆ) ಬೇಡಿಕೆಯ ಸಂಕುಚನ, ಅದೇ ರೇಖೆಯ ಮೇಲೆ ಬಿಂದು ಸರಿಯಿತು. (ಇ) ಪೂರೈಕೆಯ ಸಂಕುಚನ. (ಈ) ಕುಟುಂಬದ ಅಭಿರುಚಿಯಲ್ಲಿ ಬದಲಾವಣೆ."

ಸರಿಯುತ್ತರ 'ಆ'. 'ಅ' ಆರಿಸಿದವರ ತಲೆಯಲ್ಲಿ ಏನಿದೆ ಎಂದು ನಿಮಗೆ ಗೊತ್ತು. ಅದೇ ಇದರ ಪ್ರಯೋಜನ. "ಮೇಲಿನ ಎಲ್ಲವೂ" ಎಂಬ ಆಯ್ಕೆಯನ್ನು ದಯವಿಟ್ಟು ಕೈಬಿಡಿ. ಅದು ಯಾರ ತಲೆಯೊಳಗೂ ಇಣುಕಲು ಬಿಡುವುದಿಲ್ಲ.

ಉತ್ತರ ಎತ್ತಿಕೊಳ್ಳಲು ಉಪಕರಣ ಬೇಕು, ಮತ್ತು ಇಲ್ಲಿ ಹಂತ 2ರ ಮಾಹಿತಿ ಕೆಲಸಕ್ಕೆ ಬರುತ್ತದೆ. ಎಲ್ಲರ ಬಳಿಯೂ ಮೊಬೈಲ್ ಇದ್ದು ತರಗತಿಯಲ್ಲಿ ನೆಟ್‌ವರ್ಕ್ ಇದ್ದರೆ ಕ್ಯೂಆರ್ ಕೋಡ್ ತೋರಿಸಿ ಗೂಗಲ್ ಫಾರ್ಮ್ ತೆರೆಸಬಹುದು. ಮೊಬೈಲ್ ನಿಷೇಧ ಇರುವ ಕಾಲೇಜಾದರೆ ಪ್ಲಿಕರ್ಸ್ ಎಂಬ ಆ್ಯಪ್ ಒಳ್ಳೆಯದು. ಪ್ರತಿಯೊಬ್ಬರಿಗೂ ಒಂದು ಮುದ್ರಿತ ಕಾರ್ಡ್ ಕೊಡುತ್ತೀರಿ, ಅವರು ಅದನ್ನು ತಮ್ಮ ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿಯುತ್ತಾರೆ, ನೀವು ನಿಮ್ಮ ಒಂದೇ ಮೊಬೈಲಿನ ಕ್ಯಾಮೆರಾದಲ್ಲಿ ಇಡೀ ತರಗತಿಯನ್ನು ಓದಿಸುತ್ತೀರಿ. ಎರಡೂ ಇಲ್ಲದಿದ್ದರೆ ಬೆರಳುಗಳು ಇದ್ದೇ ಇವೆ: 'ಅ'ಗೆ ಒಂದು, 'ಆ'ಗೆ ಎರಡು. ಬೆರಳನ್ನು ಎದೆಗೆ ಒತ್ತಿ ಹಿಡಿಯಲು ಹೇಳಿ, ಆಗ ಪಕ್ಕದವರಿಗೆ ಕಾಣುವುದಿಲ್ಲ. ಕೈ ಎತ್ತಿಸಿದರೆ ಹಿಂದಿನ ಬೆಂಚಿನವರು ಮೊದಲ ಬೆಂಚಿನ ಜಾಣರನ್ನು ನೋಡಿಯೇ ಕೈ ಎತ್ತುವುದು.

ಉತ್ತರ ಬಂದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಒಂದು ಲೆಕ್ಕ ಇದೆ. ಅದನ್ನು ಹಾಗೆಯೇ ಬಳಸಿ:

1. ಸರಿಯುತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಪಾಠವೇ ತಲುಪಿಲ್ಲ. ಬೇರೆ ಉದಾಹರಣೆ ಹಿಡಿದು ಮತ್ತೆ ವಿವರಿಸಿ.
2. ಶೇ 30ರಿಂದ 70ರ ನಡುವೆ ಇದ್ದರೆ ಸರಿಯುತ್ತರ ಹೇಳಬೇಡಿ. "ನಿಮಗಿಂತ ಬೇರೆ ಉತ್ತರ ಆರಿಸಿದವರನ್ನು ಹುಡುಕಿ, ಎರಡು ನಿಮಿಷ ವಾದಿಸಿ" ಎನ್ನಿ. ಮತ್ತೆ ಉತ್ತರ ಕೇಳಿ.
3. ಶೇ 70 ದಾಟಿದರೆ ಒಂದು ನಿಮಿಷದಲ್ಲಿ ಕಾರಣ ಹೇಳಿ ಮುಂದೆ ಹೋಗಿ.

ಎರಡನೆಯ ಸಂದರ್ಭದಲ್ಲಿ ತರಗತಿ ಸಂತೆಯಾಗುತ್ತದೆ. ಆಗಲಿ. ಪಕ್ಕದ ಕೊಠಡಿಯವರಿಗೆ ಮೊದಲೇ ಹೇಳಿಟ್ಟಿರಿ, ಪ್ರಾಂಶುಪಾಲರಿಗೂ.

ಈ ಕ್ವಿಜ್‌ಗಳಿಗೆ ಅಂಕ ಕೊಡಬಾರದು. ಅಂಕ ಬಂದ ಕೂಡಲೇ ನಕಲು ಬರುತ್ತದೆ, ನಕಲು ಬಂದ ಮೇಲೆ ಮಾಹಿತಿ ಸುಳ್ಳಾಗುತ್ತದೆ. ಅಂಕವಿಲ್ಲದೆ ಹುಡುಗರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳುವವರಿಗೆ: ಎರಡು ವಾರ ಮಾಡಿ ನೋಡಿ. ತಾನು ಆರಿಸಿದ್ದು ಸರಿಯೋ ತಪ್ಪೋ ತಿಳಿಯುವ ಕುತೂಹಲ ಯಾರನ್ನೂ ಬಿಟ್ಟಿಲ್ಲ.

## ಹಂತ 5: ಆರನೆಯ ವಾರದ ಅನಾಮಧೇಯ ಸಮೀಕ್ಷೆ

ಕಾಲ ಮುಖ್ಯ. ಮೂರನೆಯ ವಾರದಲ್ಲಿ ಕೇಳಿದರೆ ಅವರಿಗೆ ಹೇಳಲು ಏನೂ ಇರುವುದಿಲ್ಲ. ಹನ್ನೆರಡನೆಯ ವಾರದಲ್ಲಿ ಕೇಳಿದರೆ ನಿಮಗೆ ಬದಲಿಸಲು ಏನೂ ಉಳಿದಿರುವುದಿಲ್ಲ. ಮೊದಲ ಆಂತರಿಕ ಪರೀಕ್ಷೆಗಿಂತ ಮುಂಚೆ ಮುಗಿಸಿ. ಅಂಕ ಕೊಟ್ಟ ಮೇಲೆ ಕೇಳಿದರೆ ಬರುವುದು ಅಂಕಗಳ ಬಗೆಗಿನ ಸಿಟ್ಟು ಅಥವಾ ಕೃತಜ್ಞತೆ.

ಮೂರೇ ಪ್ರಶ್ನೆಗಳು:

1. ಈ ತರಗತಿಯಲ್ಲಿ ನಿಮಗೆ ಕಲಿಯಲು ನೆರವಾಗುತ್ತಿರುವುದು ಯಾವುದು? (ಬೋರ್ಡಿನ ಬರಹ, ಸ್ಲೈಡ್‌ಗಳು, ಚರ್ಚೆ, ಕ್ವಿಜ್, ಟಿಪ್ಪಣಿಗಳು, ಎರಡನ್ನು ಆರಿಸಿ)
2. ಅಡ್ಡಿಯಾಗುತ್ತಿರುವುದು ಯಾವುದು? ಒಂದು ನಿರ್ದಿಷ್ಟ ಉದಾಹರಣೆ ಕೊಡಿ.
3. ಮುಂದಿನ ವಾರದಿಂದ ನಾನು ಒಂದೇ ಒಂದು ವಿಷಯ ಬದಲಿಸಬಹುದಾದರೆ ಅದು ಯಾವುದಾಗಿರಬೇಕು?

ಗಮನಿಸಿ, ಮೂರೂ ಪ್ರಶ್ನೆ ವಸ್ತುವಿನ ಬಗ್ಗೆ ಇವೆ, ವ್ಯಕ್ತಿಯ ಬಗ್ಗೆ ಇಲ್ಲ. "ಅಧ್ಯಾಪಕರು ಉತ್ಸಾಹಿಯೇ, ಜ್ಞಾನಿಯೇ" ಎಂದು ಅಂಕ ಕೇಳಿದರೆ ಪೂರ್ವಗ್ರಹಗಳು ನುಸುಳುತ್ತವೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಆನ್‌ಲೈನ್ ತರಗತಿಯ ಬೋಧಕರ ಹೆಸರುಗಳನ್ನು ಅದಲುಬದಲು ಮಾಡಲಾಗಿತ್ತು. ಗಂಡು ಎಂದು ವಿದ್ಯಾರ್ಥಿಗಳು ನಂಬಿದ ಬೋಧಕರಿಗೆ ಹೆಚ್ಚಿನ ಅಂಕ ಬಂತು, ಪಾಠ ಮಾಡಿದವರು ಯಾರೇ ಆಗಿರಲಿ. ಇಂಥ ಅಂಕಗಳನ್ನು ಸಾಲಾಗಿ ಹಚ್ಚಿ ಅಧ್ಯಾಪಕರನ್ನು ಹೋಲಿಸುವ ವಿಭಾಗ ಮುಖ್ಯಸ್ಥರಿಗೆ ಇದನ್ನು ತೋರಿಸಿ.

ಫಾರ್ಮಿನ ಸೆಟ್ಟಿಂಗ್‌ಗಳಲ್ಲಿ ಬಹುತೇಕರು ಎಡವುತ್ತಾರೆ. ಹೀಗೆ ಮಾಡಿ: 'ಸೆಟ್ಟಿಂಗ್ಸ್' ತೆರೆದು 'ರೆಸ್ಪಾನ್ಸಸ್' ಅಡಿಯಲ್ಲಿ ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆಯನ್ನು ನಿಲ್ಲಿಸಿ. 'ಒಬ್ಬರಿಗೆ ಒಂದೇ ಉತ್ತರ' ಎಂಬ ಮಿತಿಯನ್ನು ಹಾಕಿದರೆ ಗೂಗಲ್ ಲಾಗಿನ್ ಕೇಳುತ್ತದೆ. ಇಮೇಲ್ ನಿಮಗೆ ಕಾಣದಿದ್ದರೂ, ಲಾಗಿನ್ ಕೇಳಿದ ಕೂಡಲೇ ವಿದ್ಯಾರ್ಥಿಗೆ ಅನುಮಾನ ಹುಟ್ಟುತ್ತದೆ. ಆ ಮಿತಿಯನ್ನೂ ತೆಗೆದುಬಿಡಿ. ಯಾರೋ ಒಬ್ಬ ಎರಡು ಸಲ ತುಂಬಿದರೆ ಆಕಾಶ ಬೀಳುವುದಿಲ್ಲ. ಹೆಸರು, ನೋಂದಣಿ ಸಂಖ್ಯೆ, ಲಿಂಗ, ಊರು ಯಾವುದನ್ನೂ ಕೇಳಬೇಡಿ. ಕಳುಹಿಸುವ ಮುನ್ನ ಬೇರೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿ. ಕಾಲೇಜಿನ ಖಾತೆಯಿಂದ ಮಾಡಿದ ಫಾರ್ಮ್ ಹೊರಗಿನ ಖಾತೆಯವರಿಗೆ ತೆರೆದುಕೊಳ್ಳದೆ ಅನುಮತಿ ಕೇಳುವುದು ತೀರ ಸಾಮಾನ್ಯ ತಪ್ಪು.

ಇನ್ನೊಂದು ಮಾತು. ಫಾರ್ಮನ್ನು ಮನೆಗೆ ಕಳುಹಿಸದೆ ತರಗತಿಯಲ್ಲೇ ಎಂಟು ನಿಮಿಷ ಕೊಟ್ಟು ತುಂಬಿಸಿ, ನೀವು ಹೊರಗೆ ಹೋಗಿ ನಿಲ್ಲಿ. ಉತ್ತರಗಳ ಸಂಖ್ಯೆಯೂ ಗುಣವೂ ಬೇರೆಯೇ ಆಗಿರುತ್ತವೆ. ಸ್ವಂತ ಮೊಬೈಲ್ ಇಲ್ಲದವರಿಗೆ ಅದೇ ಪ್ರಶ್ನೆಗಳನ್ನು ಕಾಗದದಲ್ಲಿ ಕೊಡಿ.

ಸ್ನಾತಕೋತ್ತರ ತರಗತಿಯಲ್ಲಿ ಎಂಟು ಜನ ಮಾತ್ರ ಇದ್ದರೆ ಅನಾಮಧೇಯತೆ ಎಂಬುದು ನಾಟಕ. ಯಾರ ವಾಕ್ಯ ಯಾರದೆಂದು ನಿಮಗೆ ಗೊತ್ತಾಗುತ್ತದೆ, ಅವರಿಗೂ ಅದು ಗೊತ್ತು. ಅಂಥಲ್ಲಿ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಹದಿನೈದು ನಿಮಿಷ ತರಗತಿಗೆ ಕಳುಹಿಸಿ ಇದೇ ಮೂರು ಪ್ರಶ್ನೆ ಕೇಳಿಸಿ, ಎಲ್ಲರೂ ಒಪ್ಪಿದ ಅಂಶಗಳನ್ನಷ್ಟೇ ನಿಮಗೆ ತಿಳಿಸಲಿ. ನೀವೂ ಅವರಿಗೆ ಅದೇ ಉಪಕಾರ ಮಾಡಿ.

## ಹಂತ 6: ಉತ್ತರಗಳನ್ನು ಓದುವುದು, ತರಗತಿಗೆ ಮರಳಿ ಹೇಳುವುದು

ಇಡೀ ಕೆಲಸ ಮುರಿದುಬೀಳುವುದು ಇಲ್ಲೇ, ಆದ್ದರಿಂದ ಇದನ್ನು ಪ್ರತ್ಯೇಕ ಹಂತವಾಗಿ ಇಟ್ಟಿದ್ದೇನೆ.

ಉತ್ತರಗಳನ್ನು ಸ್ಪ್ರೆಡ್‌ಶೀಟಿಗೆ ತೆಗೆದುಕೊಂಡು ಪಕ್ಕದಲ್ಲಿ ಒಂದು ಖಾಲಿ ಕಾಲಂ ಸೇರಿಸಿ. ಪ್ರತಿ ಉತ್ತರಕ್ಕೆ ಒಂದು ಗುರುತು ಹಾಕಿ: 'ವೇಗ', 'ಬೋರ್ಡ್', 'ಭಾಷೆ', 'ಉದಾಹರಣೆ', 'ಪರೀಕ್ಷೆ', 'ಇತರ'. ಆಮೇಲೆ ಆ ಕಾಲಂ ಪ್ರಕಾರ ವಿಂಗಡಿಸಿ ಎಣಿಸಿ. ಇದಕ್ಕೆ ಎಐ ಚಾಟ್‌ಬಾಟ್ ಬಳಸಿದರೆ ಕ್ಷಣದಲ್ಲಿ ಸಾರಾಂಶ ಸಿಗುತ್ತದೆ ನಿಜ. ಆದರೆ ಅರವತ್ತು ಉತ್ತರಕ್ಕೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಸಾರಾಂಶದಲ್ಲಿ "ಕೆಲವರು ವೇಗ ಕಡಿಮೆ ಮಾಡಲು ಕೋರಿದ್ದಾರೆ" ಎಂದಿರುತ್ತದೆ. ಮೂಲದಲ್ಲಿ "ಮೇಡಂ, ನೀವು ಇಂಗ್ಲಿಷಿಗೆ ಹೋದಾಗ ನಾನು ಬರೆಯುವುದನ್ನು ನಿಲ್ಲಿಸಿಬಿಡುತ್ತೇನೆ" ಎಂದಿರುತ್ತದೆ. ಎರಡನೆಯದನ್ನು ಓದಿದವರು ಮಾತ್ರ ಬದಲಾಗುತ್ತಾರೆ.

ಒಬ್ಬಿಬ್ಬರು ಕಟುವಾಗಿ ಬರೆದಿರುತ್ತಾರೆ. ಮೊದಲ ಓದಿನಲ್ಲಿ ಅದೇ ದೊಡ್ಡದಾಗಿ ಕಾಣುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಒಂದು ದಿನ ಬಿಟ್ಟು ಎಣಿಕೆ ನೋಡಿ. ಯಾರು ಬರೆದದ್ದೆಂದು ಪತ್ತೆ ಹಚ್ಚಲು ಮಾತ್ರ ಹೋಗಬೇಡಿ. ನೀವು ಒಮ್ಮೆ ಹಾಗೆ ಮಾಡಿದಿರೆಂಬ ಸುದ್ದಿ ಕಾಲೇಜು ತುಂಬ ಹರಡುತ್ತದೆ, ಬೇರೆ ಅಧ್ಯಾಪಕರ ಫಾರ್ಮುಗಳೂ ಹಾಳಾಗುತ್ತವೆ.

ಒಂದು ವಾರದೊಳಗೆ ತರಗತಿಯಲ್ಲಿ ಐದು ನಿಮಿಷ ತೆಗೆದುಕೊಂಡು ಮೂರು ಮಾತು ಹೇಳಿ: ನೀವು ಇದನ್ನು ಹೇಳಿದಿರಿ, ನಾನು ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸಲಾರೆ, ಕಾರಣ ಹೀಗಿದೆ. ಮೂರನೆಯದನ್ನು ನುಂಗಬೇಡಿ. "ಟಿಪ್ಪಣಿಗಳನ್ನು ಬಾಯಲ್ಲಿ ಹೇಳಿ ಬರೆಸಿ" ಎಂದು ಅರ್ಧ ತರಗತಿ ಕೇಳಬಹುದು. ಬರೆಸುವುದಿಲ್ಲ ಎಂದು ಕಾರಣ ಸಹಿತ ಹೇಳುವ ಹಕ್ಕು ನಿಮಗಿದೆ. ಹಿಮ್ಮಾಹಿತಿ ಎಂದರೆ ಮತದಾನವಲ್ಲ.

## ಹಂತ 7: ಆಂತರಿಕ ಪರೀಕ್ಷೆಗೆ ಮುಂಚಿನ ಸಿದ್ಧತೆ

ಪ್ರಶ್ನೆ ತೆಗೆಯುವ ದಿನವೇ ಅಂಕ ಹಂಚಿಕೆಯನ್ನೂ ಬರೆಯಿರಿ. ಹತ್ತು ಅಂಕದ ಪ್ರಶ್ನೆಯಾದರೆ: ಪರಿಕಲ್ಪನೆಯ ವಿವರಣೆ 2, ರೇಖಾಚಿತ್ರ 3 (ಅಕ್ಷಗಳ ಹೆಸರು 1, ಸರಿಯಾದ ಚಲನೆ 2), ಕಾರಣದ ವಿವರಣೆ 3, ಸ್ವಂತ ಉದಾಹರಣೆ 2. ಇದನ್ನು ಪರೀಕ್ಷೆಗೆ ಒಂದು ವಾರ ಮೊದಲೇ ತರಗತಿಗೆ ತೋರಿಸಿ. ಹಾಗೆ ತೋರಿಸಿದರೆ ಉತ್ತರವನ್ನೇ ಹೇಳಿಕೊಟ್ಟಂತೆ ಎಂದು ಕೆಲವರು ಹೆದರುತ್ತಾರೆ. ಅಲ್ಲ, ನೀವು ಏನನ್ನು ಹುಡುಕುತ್ತೀರೆಂದು ಹೇಳುತ್ತಿದ್ದೀರಿ.

ತಿದ್ದುವಾಗ ಮೊದಲ ಪುಟವನ್ನು ಹಿಂದಕ್ಕೆ ಮಡಚಿ ಹೆಸರು ಮರೆಮಾಡಿ. ಒಬ್ಬರ ಇಡೀ ಪತ್ರಿಕೆ ಮುಗಿಸಿ ಇನ್ನೊಬ್ಬರದಕ್ಕೆ ಹೋಗಬೇಡಿ. ಎಲ್ಲರ ಒಂದನೆಯ ಪ್ರಶ್ನೆ, ಆಮೇಲೆ ಕಟ್ಟನ್ನು ಕಲಸಿ ಎಲ್ಲರ ಎರಡನೆಯ ಪ್ರಶ್ನೆ. ಮೊದಲ ಉತ್ತರ ಚೆನ್ನಾಗಿದ್ದವನಿಗೆ ಎರಡನೆಯದಕ್ಕೂ ಕೈ ಸಡಿಲವಾಗುವುದು ಇದರಿಂದ ತಪ್ಪುತ್ತದೆ. ಒಂದೇ ವಿಷಯವನ್ನು ಇಬ್ಬರು ಬೋಧಿಸುತ್ತಿದ್ದರೆ ಐದು ಪತ್ರಿಕೆಗಳನ್ನು ಇಬ್ಬರೂ ತಿದ್ದಿ ಹೋಲಿಸಿ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ವ್ಯತ್ಯಾಸ ಬಂದರೆ ಅಂಕ ಹಂಚಿಕೆ ಸ್ಪಷ್ಟವಾಗಿಲ್ಲ, ತಿದ್ದಿ ಬರೆಯಿರಿ.

## ಹಂತ 8: ವಿದ್ಯಾರ್ಥಿಗಳನ್ನು ಅಳೆದ ಮೇಲೆ ಪ್ರಶ್ನೆಗಳನ್ನು ಅಳೆಯಿರಿ

ಬಹು ಆಯ್ಕೆಯ ಭಾಗ ಇದ್ದರೆ ಈ ಲೆಕ್ಕ ತಪ್ಪದೆ ಮಾಡಿ. ಮೂಡಲ್ ಬಳಸುವವರಿಗೆ ಕ್ವಿಜ್‌ನ ಅಂಕಿಅಂಶ ವರದಿಯಲ್ಲಿ ಇದು ತಾನಾಗಿಯೇ ಸಿಗುತ್ತದೆ. ಉಳಿದವರು ಸ್ಪ್ರೆಡ್‌ಶೀಟಿನಲ್ಲಿ ಅಡ್ಡಸಾಲಿಗೆ ಒಬ್ಬ ವಿದ್ಯಾರ್ಥಿ, ಕಂಬಸಾಲಿಗೆ ಒಂದು ಪ್ರಶ್ನೆಯಂತೆ ಸರಿಗೆ 1, ತಪ್ಪಿಗೆ 0 ತುಂಬಿ.

ಮೊದಲು ಸುಲಭತೆ. ಕಂಬಸಾಲಿನ ಸರಾಸರಿಯೇ ಅದು. 60 ಜನರಲ್ಲಿ 33 ಜನ ಸರಿ ಮಾಡಿದ್ದರೆ 0.55.

ನಂತರ ವಿಂಗಡಣಾ ಶಕ್ತಿ: ಬಲ್ಲವರನ್ನೂ ಬಾರದವರನ್ನೂ ಪ್ರಶ್ನೆ ಬೇರ್ಪಡಿಸುತ್ತದೆಯೇ? ಒಟ್ಟು ಅಂಕಗಳ ಪ್ರಕಾರ ಹಾಳೆಯನ್ನು ವಿಂಗಡಿಸಿ, ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ಜನರನ್ನು ತೆಗೆದುಕೊಳ್ಳಿ. 60ಕ್ಕೆ 16 ಮತ್ತು 16. ಮೇಲಿನವರ ಸರಿಯುತ್ತರಗಳಿಂದ ಕೆಳಗಿನವರದನ್ನು ಕಳೆದು 16ರಿಂದ ಭಾಗಿಸಿ.

ಮೂರು ಪ್ರಶ್ನೆಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದರಲ್ಲಿ ಮೇಲಿನವರು 13, ಕೆಳಗಿನವರು 5 ಜನ ಸರಿ: 8ನ್ನು 16ರಿಂದ ಭಾಗಿಸಿದರೆ 0.50. ಒಳ್ಳೆಯ ಪ್ರಶ್ನೆ, ಎತ್ತಿಟ್ಟುಕೊಳ್ಳಿ. ಎರಡನೆಯದರಲ್ಲಿ 15 ಮತ್ತು 13: ಸುಮಾರು 0.13. ಎಲ್ಲರಿಗೂ ಬರುತ್ತದೆ, ಧೈರ್ಯ ತುಂಬಲು ಮೊದಲ ಪ್ರಶ್ನೆಯಾಗಿ ಇಡಬಹುದು, ಅದಕ್ಕಿಂತ ಹೆಚ್ಚಿಗೆ ಉಪಯೋಗವಿಲ್ಲ. ಮೂರನೆಯದರಲ್ಲಿ 4 ಮತ್ತು 8: ಋಣ 0.25. ಇಲ್ಲಿ ನಿಲ್ಲಿ. ಜಾಣರು ತಪ್ಪು ಮಾಡಿ ಉಳಿದವರು ಸರಿ ಮಾಡಿದ್ದಾರೆ ಎಂದರೆ ನಿಮ್ಮ ಸರಿಯುತ್ತರದ ಪಟ್ಟಿಯೇ ತಪ್ಪಿರಬಹುದು, ಅಥವಾ ಪ್ರಶ್ನೆಯ ಭಾಷೆ ಎರಡು ಅರ್ಥ ಕೊಡುತ್ತಿರಬಹುದು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿದ ಪ್ರಶ್ನೆಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಎರಡು ಭಾಷೆಯ ಪತ್ರಿಕೆಯಾದರೆ ಎರಡೂ ಮಾಧ್ಯಮದವರ ಸುಲಭತೆಯನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ. ದೋಷ ನಿಮ್ಮದೆಂದು ಖಚಿತವಾದರೆ ಆ ಪ್ರಶ್ನೆಯ ಅಂಕವನ್ನು ಎಲ್ಲರಿಗೂ ಕೊಟ್ಟುಬಿಡಿ. ಇದನ್ನೆಲ್ಲ ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ಆನ್‌ಲೈನ್ ನಿರ್ವಹಣಾ ವ್ಯವಸ್ಥೆ) ಅಂಕ ನಮೂದಿಸುವ ಮೊದಲೇ ಮುಗಿಸಬೇಕು. ನಮೂದಾದ ಮೇಲೆ ತಿದ್ದುಪಡಿಗಾಗಿ ಅಲೆಯುವುದು ಯಾರಿಗೂ ಬೇಡ.

0.2ಕ್ಕಿಂತ ಕಡಿಮೆ ಬಂದ ಪ್ರಶ್ನೆಯನ್ನೆಲ್ಲ ಕಿತ್ತೆಸೆಯಬೇಕೆಂದಿಲ್ಲ. ಅರವತ್ತು ಜನರ ತರಗತಿಯಲ್ಲಿ ಇಬ್ಬರ ಉತ್ತರ ಬದಲಾದರೂ ಸಂಖ್ಯೆ ಅಲುಗಾಡುತ್ತದೆ. ಇದನ್ನು ತೀರ್ಪೆಂದು ತಿಳಿಯದೆ, ಪ್ರಶ್ನೆಯನ್ನು ಮತ್ತೊಮ್ಮೆ ಓದಲು ಬಂದ ಸೂಚನೆಯೆಂದು ತಿಳಿಯಿರಿ.

## ಹಂತ 9: ಉತ್ತರ ಪತ್ರಿಕೆ ಮರಳಿಸುವ ಕ್ರಮ

ಪತ್ರಿಕೆ ಕೈಗೆ ಬಂದ ಕೂಡಲೇ ವಿದ್ಯಾರ್ಥಿ ನೋಡುವುದು ಅಂಕವನ್ನು, ಆಮೇಲೆ ಪಕ್ಕದವನ ಅಂಕವನ್ನು. ನೀವು ಕೆಂಪು ಶಾಯಿಯಲ್ಲಿ ಬರೆದ ಟಿಪ್ಪಣಿ ಅಲ್ಲಿಗೇ ಸತ್ತಿತು. ಇಸ್ರೇಲಿನ ಶಾಲಾ ಮಕ್ಕಳ ಮೇಲೆ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಪ್ಪಣಿಯನ್ನಷ್ಟೇ ಪಡೆದವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಪಡೆದವರಿಗೆ ಆ ಲಾಭ ದಕ್ಕಲಿಲ್ಲ. ಅವರು ಶಾಲಾ ಮಕ್ಕಳು, ನಮ್ಮವರು ಪದವಿಯವರು, ನಿಜ. ಆದರೂ ನಮ್ಮ ಹುಡುಗರನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ನಾನು ಅನುಸರಿಸುವ ಕ್ರಮ:

1. ಮೊದಲ ಹದಿನೈದು ಪತ್ರಿಕೆ ಓದುವಷ್ಟರಲ್ಲಿ ಅದೇ ತಪ್ಪುಗಳು ಮರುಕಳಿಸುತ್ತವೆ. ಅವನ್ನು ಒಂದರಿಂದ ಎಂಟರವರೆಗೆ ಸಂಖ್ಯೆ ಹಾಕಿ ಪಟ್ಟಿ ಮಾಡಿ.
2. ಪತ್ರಿಕೆಯ ಅಂಚಿನಲ್ಲಿ ಸಂಖ್ಯೆಯನ್ನಷ್ಟೇ ಬರೆಯಿರಿ. ಪಟ್ಟಿಯನ್ನು ಗುಂಪಿಗೆ ಕಳುಹಿಸಿ, ಬೋರ್ಡಿನ ಮೇಲೂ ಹಾಕಿ.
3. ಅಂಕವನ್ನು ನಿಮ್ಮ ಹಾಳೆಯಲ್ಲೇ ಇಟ್ಟುಕೊಂಡು ಪತ್ರಿಕೆ ಮರಳಿಸಿ. ಇಪ್ಪತ್ತು ನಿಮಿಷದಲ್ಲಿ ಒಂದು ಉತ್ತರವನ್ನು ತಿದ್ದಿ ಬರೆಯಲಿ.
4. ತರಗತಿಯ ಕೊನೆಗೆ ಅಂಕವನ್ನು ಒಬ್ಬೊಬ್ಬರಿಗೆ ತಿಳಿಸಿ.

ಪಟ್ಟಿಯಲ್ಲಿನ ಪ್ರತಿ ಟಿಪ್ಪಣಿಯೂ ಮುಂದೇನು ಮಾಡಬೇಕೆಂದು ಹೇಳಬೇಕು. "ರೇಖಾಚಿತ್ರ ತಪ್ಪು" ಎಂದು ಬರೆದರೆ ತೀರ್ಪು ಕೊಟ್ಟಂತಾಯಿತು ಅಷ್ಟೇ. "ಬೆಲೆ ಮಾತ್ರ ಬದಲಾದಾಗ ರೇಖೆಯನ್ನು ಸರಿಸಬೇಡಿ, ಬಿಂದುವನ್ನು ಸರಿಸಿ ಇನ್ನೊಮ್ಮೆ ಬರೆಯಿರಿ" ಎಂದರೆ ಅವನಿಗೆ ದಾರಿ ಕಾಣುತ್ತದೆ.

ಹೆಸರು ಸಹಿತ ಅಂಕಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಅವಮಾನದ ಮಾತು ಹಾಗಿರಲಿ, ಅದು ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಮೊದಲ ಸೆಮಿಸ್ಟರಿನಲ್ಲಿ ಅಂಥವರು ಇರುತ್ತಾರೆ. ಗೂಗಲ್ ಕ್ಲಾಸ್‌ರೂಮ್ ಇದ್ದರೆ ಅಂಕವೂ ಖಾಸಗಿ ಟಿಪ್ಪಣಿಯೂ ಆಯಾ ವಿದ್ಯಾರ್ಥಿಗಷ್ಟೇ ಹೋಗುತ್ತವೆ, ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಯಾರಿಗೂ ಕೊಡಬೇಕಾಗುವುದಿಲ್ಲ.

## ಹಂತ 10: ಮನೆಗೆಲಸ, ನಕಲು, ಎಐ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದು ತರುವ ಐದು ಪುಟದ ನಿಯೋಜಿತ ಕಾರ್ಯ ಏನನ್ನೂ ಅಳೆಯುವುದಿಲ್ಲ. ಎಐ ಪತ್ತೆ ಮಾಡುತ್ತೇವೆನ್ನುವ ತಾಣಗಳ ಶೇಕಡಾವಾರು ತೋರಿಸಿ ವಿದ್ಯಾರ್ಥಿಯನ್ನು ಗದರಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಬದಲಿಗೆ ಕೆಲಸವನ್ನು ಎರಡಾಗಿ ಒಡೆಯಿರಿ. ಮನೆಯಲ್ಲಿ ಮಾಡುವುದು ಮಾಹಿತಿ ಸಂಗ್ರಹ: ತಮ್ಮೂರಿನ ಸಂತೆಯಲ್ಲಿ ನಾಲ್ಕು ವಾರ ಒಂದು ತರಕಾರಿಯ ಬೆಲೆಯನ್ನು ಬರೆದು ತರುವುದು. ತರಗತಿಯಲ್ಲಿ ಮಾಡುವುದು ವಿಶ್ಲೇಷಣೆ: ಆ ಅಂಕಿಗಳನ್ನು ಮುಂದಿಟ್ಟುಕೊಂಡು ಕೈಬರಹದಲ್ಲಿ ಒಂದು ಪುಟ. ಅನುಮಾನ ಬಂದವರಿಗೆ ಮೂರು ನಿಮಿಷ ಮೌಖಿಕ ಪ್ರಶ್ನೆ, ಎಲ್ಲರಿಗೂ ಒಂದೇ ರೀತಿ. ಸಂತೆಗೆ ಹೋಗಿ ಬಂದವನು ಕೊತ್ತಂಬರಿ ಕಟ್ಟಿನ ಬೆಲೆಯಿಂದಲೇ ಮಾತು ಶುರು ಮಾಡುತ್ತಾನೆ, ಗೊತ್ತಾಗುತ್ತದೆ.

## ಹಂತ 11: ಹದಿಮೂರನೆಯ ವಾರದಲ್ಲಿ ಮರಳಿ ನೋಡುವುದು

ನೋಟ್‌ಬುಕ್ಕಿನ ಮೊದಲ ಪುಟ ತೆರೆಯಿರಿ. ಅಲ್ಲಿ ಬರೆದ ತೊಂದರೆಯ ಮೇಲೆ ನಾಲ್ಕನೆಯ ವಾರದ ಪ್ರಶ್ನೆಯಂಥದೇ ಹೊಸ ಪ್ರಶ್ನೆ ಕೇಳಿ. ಟೊಮ್ಯಾಟೊ ಬದಲು ಬಸ್ ದರ ಇರಲಿ. ಅದೇ ಪ್ರಶ್ನೆ ಕೊಟ್ಟರೆ ನೆನಪನ್ನು ಅಳೆದಂತಾಗುತ್ತದೆ. ಸರಿಯುತ್ತರದ ಪ್ರಮಾಣ ಏರಿದ್ದರೆ ಯಾವ ಬದಲಾವಣೆ ಉಳಿಸಬೇಕೆಂದು ಬರೆದುಕೊಳ್ಳಿ. ಏರದಿದ್ದರೆ ಅದನ್ನೂ ಬರೆಯಿರಿ, ದಿನಾಂಕ ಸಹಿತ.

ಆಮೇಲೆ ಒಂದೇ ಪುಟದಲ್ಲಿ ನಾಲ್ಕು ಸಾಲು: ಆರಿಸಿದ ತೊಂದರೆ, ವಿದ್ಯಾರ್ಥಿಗಳು ಹೇಳಿದ್ದು, ಬದಲಿಸಿದ್ದು, ಮೊದಲಿನ ಮತ್ತು ನಂತರದ ಸಂಖ್ಯೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಹೊತ್ತಿಗೆ ಐಕ್ಯೂಎಸಿ ಸಂಯೋಜಕರು ಕೇಳುವುದು ಇದನ್ನೇ, ಇಪ್ಪತ್ತೈದು ಪ್ರಶ್ನೆಗಳ ಸರಾಸರಿಗಿಂತ ಇದು ಗಟ್ಟಿಯಾದ ದಾಖಲೆ. ಇದರ ಒಂದು ಪ್ರತಿಯನ್ನು ಮುಂದಿನ ವರ್ಷ ಆ ವಿಷಯ ತೆಗೆದುಕೊಳ್ಳುವವರ ಮೇಜಿನ ಮೇಲೂ ಇಡಿ, ಒಳ್ಳೆಯ ಪ್ರಶ್ನೆಗಳ ಹಾಳೆಯನ್ನು ಅದಕ್ಕೆ ಪಿನ್ ಮಾಡಿ. ಅತಿಥಿ ಉಪನ್ಯಾಸಕರು ವರ್ಷವರ್ಷವೂ ಬದಲಾಗುವ ವಿಭಾಗಗಳಲ್ಲಿ ಹೊಸಬರು ಬಂದ ದಿನವೇ ಕೇಳುವುದು "ಈ ಹುಡುಗರಿಗೆ ಎಲ್ಲಿ ಕಷ್ಟವಾಗುತ್ತದೆ?" ಎಂದು.